ಕಲ್ಯಾಣದ ಸಾಲಪತ್ರ, ಗಿಟ್‌ಹಬ್‌ನ ಕಮಿಟ್

ಸಾಲ ಕೊಟ್ಟವನು ಪತ್ರ ತಂದು ಮುಂದಿಡುತ್ತಾನೆ. ತೆಗೆದುಕೊಂಡವನು ‘ಇದು ನಾನು ಬರೆದದ್ದೇ ಅಲ್ಲ’ ಎಂದು ಕೈ ಝಾಡಿಸಿಬಿಡುತ್ತಾನೆ. ಸಾಕ್ಷಿ ಹಾಕಿದವರಲ್ಲಿ ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಊರು ಬಿಟ್ಟಿದ್ದಾನೆ. ತೀರ್ಪು ಹೇಳಬೇಕಾದವರು ಯಾವುದನ್ನು ನಂಬಬೇಕು?

ಬಸವಕಲ್ಯಾಣ ಆಗ ಬರಿಯ ಕಲ್ಯಾಣ, ಚಾಲುಕ್ಯರ ರಾಜಧಾನಿ. 1076ರಿಂದ ಐವತ್ತು ವರ್ಷ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ವಿವರವಾಗಿಯೇ ಉತ್ತರ ಬರೆದ. ಅವನ ‘ಮಿತಾಕ್ಷರ’ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಅಂಶವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳು ಅದನ್ನು ಹಿಡಿದೇ ತೀರ್ಪು ಕೊಟ್ಟವು. ಆದರೆ ‘ಮಿತಾಕ್ಷರ’ ಇಡೀ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಅದರ ವ್ಯವಹಾರಾಧ್ಯಾಯದಲ್ಲಿ ಪತ್ರಗಳಿಗೇ ಮೀಸಲಾದ ಪ್ರಕರಣವೊಂದಿದೆ. ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ ಕಾಣಿಸಬೇಕು. ಸಾಲಗಾರ ಮೇಲಿನದ್ದಕ್ಕೆ ತನ್ನ ಒಪ್ಪಿಗೆ ಇದೆಯೆಂದು ಸ್ವಂತ ಕೈಯಲ್ಲಿ ಬರೆಯಬೇಕು. ಸಾಕ್ಷಿಗಳು ತಂದೆಯ ಹೆಸರಿನ ಸಮೇತ ತಮ್ಮ ಹೆಸರು ಹಾಕಬೇಕು. ಎಲ್ಲಕ್ಕೂ ಕೊನೆಗೆ, ಪತ್ರ ಬರೆದುಕೊಟ್ಟವನು ತಾನು ಯಾರೆಂದು ನಮೂದಿಸಬೇಕು.

ಇಷ್ಟೆಲ್ಲ ಇದ್ದೂ ಸಂಶಯ ಬಂದರೆ ಪರೀಕ್ಷೆಗಳಿವೆ. ಅದೇ ಮನುಷ್ಯ ಬೇರೆ ಕಡೆ ಬರೆದ ಬರಹವನ್ನು ತಂದು ಇದರ ಜತೆ ಇಟ್ಟು ನೋಡುವುದು. ಆ ಊರಿನಲ್ಲಿ, ಆ ಕಾಲದಲ್ಲಿ, ಆ ಮನುಷ್ಯನ ಕೈಯಲ್ಲಿ ಆ ಸೊತ್ತು ಇರಲು ಸಾಧ್ಯವಿತ್ತೇ ಎಂದು ತೂಗುವುದು. ಸಾಕ್ಷಿಗಳನ್ನು ಕರೆಸುವುದು. ಅವನು ‘ಶ್ರೀ’ಕಾರ ಹಾಕುವ ರೀತಿಯಂಥ, ಬೇರೆಯವರಲ್ಲಿ ಕಾಣದ ಗುರುತು ಇದೆಯೇ ಎಂದು ಹುಡುಕುವುದು. ಈ ಇಬ್ಬರ ನಡುವೆ ಹಿಂದೆಯೂ ನಂಬಿಕೆಯ ಕೊಡುಕೊಳ್ಳುವಿಕೆ ನಡೆದಿತ್ತೇ ಎಂದು ವಿಚಾರಿಸುವುದು. ಅಷ್ಟು ಹಣ ಅವನಿಗೆ ಬರಲು ದಾರಿಯೇನಿತ್ತು ಎಂದು ಕೇಳುವುದು.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯಾವ ಪರೀಕ್ಷೆಯೂ ಪತ್ರದ ಮೇಲಿರುವ ಹೆಸರನ್ನು ನೆಚ್ಚಿಕೊಂಡಿಲ್ಲ. ಎಲ್ಲವೂ ಪತ್ರದ ಹೊರಗೆ ಹೋಗಿ, ಆ ಮನುಷ್ಯ ಬಿಟ್ಟುಹೋದ ಬೇರೆ ಜಾಡುಗಳನ್ನು ತಂದು ತಾಳೆ ನೋಡುತ್ತವೆ.

ಒಂಬೈನೂರು ವರ್ಷಗಳ ನಂತರ ತಂತ್ರಾಂಶ ಬರೆಯುವವರ ಜಗತ್ತು ಹೆಚ್ಚುಕಡಿಮೆ ಇದೇ ಜಾಗಕ್ಕೆ ಬಂದು ನಿಂತಿದೆ. ಹುಮನಾಬಾದಿನಿಂದಲೋ ಪಕ್ಕದ ಮಾಣಿಕನಗರದಿಂದಲೋ ಹೈದರಾಬಾದ್, ಪುಣೆ, ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕುವ ಎಂಜಿನಿಯರಿಂಗ್ ಪದವೀಧರೆ ರೆಸ್ಯೂಮೆಯಲ್ಲಿ ತನ್ನ ಗಿಟ್‌ಹಬ್ ಖಾತೆಯ ಕೊಂಡಿ ಕೊಡುತ್ತಾಳೆ. ತಾನು ಬರೆದ ಪ್ರೋಗ್ರಾಮುಗಳು ಅಲ್ಲಿವೆ, ನೋಡಿಕೊಳ್ಳಿ ಎಂಬುದು ಅದರ ಅರ್ಥ. ಸರಿ, ನೋಡಬಹುದು. ಆದರೆ ಅವನ್ನು ಬರೆದದ್ದು ಅವಳೇ ಎಂದು ಹೇಗೆ ತಿಳಿಯುವುದು? ಹಾಗೆಯೇ, ಯಾವುದೋ ದೇಶದಿಂದ ಮೇಲ್ ಕಳಿಸಿ ‘ನಾನು ಇಂಥ ಮುಕ್ತ ತಂತ್ರಾಂಶದ ಡೆವಲಪರ್, ನಿಮ್ಮ ಸರ್ವರಿಗೆ ಪ್ರವೇಶ ಕೊಡಿ’ ಎನ್ನುವವನು ನಿಜವಾಗಿ ಅವನೇನಾ?

ಯಾರು ಬೇಕಾದರೂ ಹಾಕಬಹುದಾದ ಹೆಸರು

ಗಿಟ್ ಎಂಬ ಸಲಕರಣೆಯನ್ನು ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಕೆಲಸಕ್ಕೆಂದು ಬರೆದರು. ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದರ ದಿನಚರಿ ಇಡುವುದು ಅದರ ಕೆಲಸ. ಆ ದಿನಚರಿಗಳನ್ನು ಜಾಲದಲ್ಲಿ ಇಟ್ಟುಕೊಳ್ಳುವ ತಾಣವಾಗಿ ಗಿಟ್‌ಹಬ್ 2008ರಲ್ಲಿ ಶುರುವಾಯಿತು. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. ದಿನಚರಿಯ ಒಂದೊಂದು ನಮೂದಿಗೂ ಕಮಿಟ್ ಎಂದು ಹೆಸರು.

ಕಮಿಟ್‌ನಲ್ಲಿ ಬರೆದವರ ಹೆಸರು ಮತ್ತು ಇಮೇಲ್ ಇರುತ್ತವೆ. ಅಲ್ಲಿ ಅವನ್ನು ತುಂಬುವುದು ಬರೆಯುವವರೇ. ಕಂಪ್ಯೂಟರಿನಲ್ಲಿ ಗಿಟ್‌ಗೆ ‘ನನ್ನ ಹೆಸರು ಇದು, ಇಮೇಲ್ ಇದು’ ಎಂದು ಒಂದು ಸಲ ಹೇಳಿದರೆ ಸಾಕು, ಮುಂದಿನ ಕಮಿಟ್‌ಗಳೆಲ್ಲ ಆ ಹೆಸರಿನಲ್ಲೇ ಬೀಳುತ್ತವೆ. ಟೊರ್ವಾಲ್ಡ್ಸ್ ಹೆಸರನ್ನೂ ಇಮೇಲನ್ನೂ ಕೊಟ್ಟರೆ ಗಿಟ್ ತಕರಾರು ಮಾಡುವುದಿಲ್ಲ. ಗಿಟ್‌ಹಬ್ ಇಮೇಲ್ ನೋಡಿ ಖಾತೆಗೆ ಜೋಡಿಸುವುದರಿಂದ ಪಕ್ಕದಲ್ಲಿ ಅವರ ಫೋಟೊವನ್ನೂ ತೋರಿಸುತ್ತದೆ. ಹೀಗೆಯೇ ಕೀಟಲೆಗೆ ಯಾರೋ ಟೊರ್ವಾಲ್ಡ್ಸ್ ಹೆಸರಿನಲ್ಲೇ, ಲಿನಕ್ಸ್ ಚೆನ್ನಾಗಿಲ್ಲ, ಅಳಿಸಿಬಿಟ್ಟಿದ್ದೇನೆ ಎಂಬ ಅರ್ಥದ ಕಮಿಟ್ ಮಾಡಿಟ್ಟಿದ್ದರು. ಗಿಟ್‌ಹಬ್‌ನಲ್ಲಿ ಟೊರ್ವಾಲ್ಡ್ಸ್ ಅವರದೇ ಲಿನಕ್ಸ್ ರೆಪೊಸಿಟರಿಯ (ಕೋಡಿನ ಭಂಡಾರದ) ವಿಳಾಸದಡಿಯಲ್ಲೇ ಅದು ತೆರೆದುಕೊಳ್ಳುತ್ತಿತ್ತು.

ಕಲ್ಯಾಣದ ನೆಲದವರಿಗೆ ಈ ತೊಡಕು ಹೊಸದಲ್ಲ. ‘ಕೂಡಲಸಂಗಮದೇವ’ ಎಂದು ಕೊನೆಯಲ್ಲಿ ಇದ್ದರೆ ಬಸವಣ್ಣನ ವಚನ, ‘ಗುಹೇಶ್ವರ’ ಎಂದಿದ್ದರೆ ಅಲ್ಲಮನದು. ಆದರೆ ಅಂಕಿತ ಹಾಕಲು ಯಾರ ಅಪ್ಪಣೆಯೂ ಬೇಡ. ಆಮೇಲಿನ ಕಾಲದ ಯಾರೋ ಬರೆದು ಕೊನೆಗೆ ಹಳೆಯ ಅಂಕಿತ ಸೇರಿಸಿದರೂ ಓಲೆಗರಿ ಎಲ್ಲವನ್ನೂ ಒಂದೇ ಸಮನೆ ಹೊತ್ತುಕೊಂಡಿರುತ್ತದೆ. ಫ.ಗು. ಹಳಕಟ್ಟಿಯವರು ಮನೆಮನೆಯಿಂದ ತಾಡೋಲೆ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ ಅಚ್ಚು ಹಾಕಿಸಿದಂದಿನಿಂದ ಸಂಪಾದಕರು ಅಂಕಿತವೊಂದನ್ನೇ ನಂಬಿ ಕೂರಲಿಲ್ಲ. ಭಾಷೆ, ಧಾಟಿ, ಹಸ್ತಪ್ರತಿಯ ವಯಸ್ಸು, ಬೇರೆ ಪ್ರತಿಗಳಲ್ಲಿ ಅದೇ ವಚನ ಯಾರ ಹೆಸರಿನಲ್ಲಿದೆ ಎಂಬುದನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದರು.

ಒಂದು ಕಮಿಟ್‌ನ ಒಳಗೆ

ಕಮಿಟ್ ಒಂದನ್ನು ಬಿಚ್ಚಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ನಲವತ್ತು ಅಕ್ಷರಗಳ ಒಂದು ಸರಮಾಲೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳು ಸೇರಿ ಆದ ಇದನ್ನು ಹ್ಯಾಶ್ ಎನ್ನುತ್ತಾರೆ. ಕಮಿಟ್‌ನಲ್ಲಿ ಏನೇನಿದೆಯೋ ಅದನ್ನೆಲ್ಲ ಲೆಕ್ಕಕ್ಕೆ ಹಾಕಿ ಇದನ್ನು ತೆಗೆಯಲಾಗುತ್ತದೆ. ಹಿಂದಿನ ಕಮಿಟ್‌ನ ಹ್ಯಾಶ್ ಕೂಡ ಆ ಲೆಕ್ಕದೊಳಗೆ ಇರುತ್ತದೆ. ಐದು ವರ್ಷ ಹಿಂದಿನ ನಮೂದಿನಲ್ಲಿ ಒಂದು ಅಲ್ಪವಿರಾಮ ತಿದ್ದಿದರೂ ಅಲ್ಲಿಂದ ಇಲ್ಲಿಯವರೆಗಿನ ಹ್ಯಾಶ್‌ಗಳೆಲ್ಲ ಬದಲಾಗಿಬಿಡುತ್ತವೆ. ಅದೇ ರೆಪೊಸಿಟರಿಯ ಪ್ರತಿಯನ್ನು ಇಟ್ಟುಕೊಂಡಿರುವ ನೂರಾರು ಜನರಿಗೆ ಏನೋ ಎಡವಟ್ಟಾಗಿದೆ ಎಂದು ಕೂಡಲೇ ಗೊತ್ತಾಗುತ್ತದೆ.

ಅದರ ಕೆಳಗೆ ದಿನಾಂಕ, ಗಂಟೆ, ನಿಮಿಷ, ಸೆಕೆಂಡು. ಪಕ್ಕದಲ್ಲಿ ‘+0530’ ಎಂದಿದ್ದರೆ ಬರೆದ ಕಂಪ್ಯೂಟರಿನ ಗಡಿಯಾರ ಭಾರತದ ಸಮಯಕ್ಕೋ ಶ್ರೀಲಂಕಾದ ಸಮಯಕ್ಕೋ ಹೊಂದಿಕೊಂಡಿತ್ತು ಎಂದರ್ಥ. ನೇಪಾಳವಾದರೆ ‘+0545’. ಬಸವಕಲ್ಯಾಣದ ಹುಡುಗ ಬೇಸಿಗೆಯಲ್ಲಿ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಆ ತಿಂಗಳ ಕಮಿಟ್‌ಗಳಲ್ಲಿ ಈ ಅಂಕಿ ತಾನಾಗಿ ‘-0700’ಕ್ಕೆ ಬದಲಾಗುತ್ತದೆ, ವಾಪಸು ಬಂದ ಮೇಲೆ ಮತ್ತೆ ‘+0530’. ಬೇಕೆಂದೇ ಇದನ್ನು ತಿರುಚಬಹುದು. ಆದರೆ ವರ್ಷಗಟ್ಟಲೆ, ಒಂದು ದಿನವೂ ಮರೆಯದೆ ತಿರುಚುತ್ತ ಹೋಗುವುದು ಸುಲಭವಲ್ಲ.

ಲಿನಕ್ಸ್ ಕಮಿಟ್‌ಗಳ ಬುಡದಲ್ಲಿ ಇನ್ನೂ ಕೆಲವು ಸಾಲುಗಳಿರುತ್ತವೆ: ಸೈನ್ಡ್ ಆಫ್ ಬೈ, ರಿವ್ಯೂಡ್ ಬೈ, ಟೆಸ್ಟೆಡ್ ಬೈ. ಮೊದಲನೆಯದು, ಇದನ್ನು ಕೊಡುವ ಹಕ್ಕು ತನಗಿದೆ ಎಂದು ಬರೆದವರು ಕೊಡುವ ಒಪ್ಪಿಗೆ. ಉಳಿದವು, ಓದಿ ನೋಡಿದವರ ಮತ್ತು ಓಡಿಸಿ ನೋಡಿದವರ ಹೆಸರುಗಳು. ಲಿನಕ್ಸ್‌ನಲ್ಲಿ ಕದ್ದ ಕೋಡ್ ಇದೆಯೆಂದು ಅಮೆರಿಕದ ಎಸ್‌ಸಿಒ ಕಂಪನಿ ಕೋರ್ಟಿಗೆ ಹೋದ ಮೇಲೆ, 2004ರಲ್ಲಿ, ಈ ಪದ್ಧತಿ ಬಂತು. ಒಪ್ಪಿಗೆ ಕೊಟ್ಟವನು, ಸಾಕ್ಷಿಗಳು, ಕೊನೆಗೆ ಅದನ್ನು ದಾಖಲೆಗೆ ಸೇರಿಸಿದವನು: ‘ಮಿತಾಕ್ಷರ’ ಹೇಳುವ ಪತ್ರದ ಅಂಗಗಳು ಇಲ್ಲಿ ಒಂದೊಂದಾಗಿ ಸಿಗುತ್ತವೆ.

ದಿನಾಂಕದಿಂದ ಸುಳ್ಳು ಹಿಡಿಯುವ ವಿದ್ಯೆಯಲ್ಲಿ ಕನ್ನಡದ ಶಾಸನತಜ್ಞರು ಪಳಗಿದವರು. ದತ್ತಿ ಜಮೀನಿನ ಮೇಲೆ ಹಕ್ಕು ಸಾಧಿಸಲು ಹಿಂದೆಂದೋ ಆಳಿದ ಅರಸನ ಹೆಸರಿನಲ್ಲಿ ಆಮೇಲೆ ಕೊರೆಸಿದ ತಾಮ್ರಪಟಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವಕ್ಕೆ ಕೂಟಶಾಸನ ಎನ್ನುತ್ತಾರೆ. ಜೆ.ಎಫ್. ಫ್ಲೀಟ್ 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಂಥವುಗಳ ಪಟ್ಟಿಯನ್ನೇ ಪ್ರಕಟಿಸಿದ. ತಾಮ್ರಪಟದಲ್ಲಿ ಶಕ ವರ್ಷ, ಸಂವತ್ಸರ, ತಿಥಿ, ವಾರ ಎಲ್ಲ ಇರುತ್ತವೆ. ಲೆಕ್ಕ ಹಾಕಿದರೆ ಆ ತಿಥಿ ಆ ವಾರ ಬಿದ್ದೇ ಇರುವುದಿಲ್ಲ. ಲಿಪಿ ನೋಡಿದರೆ ಅರಸ ಸತ್ತು ಇನ್ನೂರು ವರ್ಷ ಕಳೆದ ಮೇಲಿನದು. ಗಂಗರ ಹಲವು ತಾಮ್ರಪಟಗಳು ಖೊಟ್ಟಿ ಎಂದು ಫ್ಲೀಟ್, ಅಲ್ಲವೆಂದು ಬಿ.ಎಲ್. ರೈಸ್ ಬಹುಕಾಲ ಜಟಾಪಟಿ ನಡೆಸಿದರು. ಇಬ್ಬರೂ ಹಿಡಿದದ್ದು ಮಾತ್ರ ಅದೇ ತಿಥಿ, ಅದೇ ಲಿಪಿ, ಅದೇ ವಂಶಾವಳಿಯ ಅಳತೆಗೋಲುಗಳನ್ನು.

ಸಹಿ ಮಾಡಿ ತೋರಿಸಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೇಲ್ ಕಳಿಸಿದವನು ತಾನು ಇಂಥ ಗಿಟ್‌ಹಬ್ ಖಾತೆಯವನು ಎನ್ನುತ್ತಾನೆ. ಪರೀಕ್ಷಿಸಲು ಎಲ್ಲಕ್ಕಿಂತ ಸುಲಭದ ದಾರಿ, ಅವನಿಗೆ ಮೊದಲೇ ಊಹಿಸಲಾಗದ ಒಂದು ವಾಕ್ಯ ಕೊಟ್ಟು, ‘ಇದನ್ನು ನಿಮ್ಮ ಖಾತೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ’ ಎನ್ನುವುದು. ಖಾತೆಯ ಪಾಸ್‌ವರ್ಡ್ ಇದ್ದವರು ಮಾತ್ರ ಹಾಕಬಲ್ಲರು. 2014ರಲ್ಲಿ ಆರಂಭವಾದ ಕೀಬೇಸ್ ಎಂಬ ಸೇವೆ ಇದನ್ನೇ ಒಂದು ವ್ಯವಸ್ಥೆಯಾಗಿ ಬೆಳೆಸಿತು. ಬಳಕೆದಾರ ತನ್ನ ಡಿಜಿಟಲ್ ಸಹಿ ಇರುವ ಹೇಳಿಕೆಯನ್ನು ಗಿಟ್‌ಹಬ್‌ನಲ್ಲಿ ಒಂದು ಕಡೆ, ಟ್ವಿಟರ್‌ನಲ್ಲಿ ಒಂದು ಕಡೆ, ಸ್ವಂತ ಜಾಲತಾಣದಲ್ಲಿ ಒಂದು ಕಡೆ ಹಾಕಿದರೆ ಮೂರೂ ಒಬ್ಬರವೇ ಎಂದು ಯಾರು ಬೇಕಾದರೂ ತಾಳೆ ನೋಡಬಹುದಿತ್ತು. 2020ರಲ್ಲಿ ಝೂಮ್ ಕಂಪನಿ ಕೀಬೇಸನ್ನು ಕೊಂಡಿತು.

ಇದಕ್ಕಿಂತ ಗಟ್ಟಿಯಾದದ್ದು ಕೀಯಿಂದ ಮಾಡುವ ಸಹಿ. ಕೀ ಜೋಡಿಯಲ್ಲಿ ಎರಡು ಇರುತ್ತವೆ: ಗುಟ್ಟಾಗಿ ಇಟ್ಟುಕೊಳ್ಳುವುದೊಂದು, ಊರಿಗೆಲ್ಲ ಹಂಚುವುದೊಂದು. ಗುಟ್ಟಿನ ಕೀಯಿಂದ ಮಾಡಿದ ಸಹಿಯನ್ನು ಬಹಿರಂಗ ಕೀ ಇರುವ ಯಾರಾದರೂ ಪರಿಶೀಲಿಸಬಹುದು, ಆದರೆ ಅದನ್ನು ನಕಲು ಮಾಡಲಾಗದು. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಬಿಡುಗಡೆ ಮಾಡಿದ ಮೇಲೆ ಇದು ಸಾಮಾನ್ಯ ಬಳಕೆದಾರರ ಕೈಗೂ ಬಂತು. ಹೀಗೆ ಸಹಿಯಾದ ಕಮಿಟ್‌ಗಳ ಮುಂದೆ ಗಿಟ್‌ಹಬ್ 2016ರಿಂದ ‘ವೆರಿಫೈಡ್’ ಎಂಬ ಹಸಿರು ಗುರುತು ತೋರಿಸುತ್ತಿದೆ. ಸರ್ವರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಯಿಂದಲೇ ಸಹಿ ಮಾಡುವ ಅನುಕೂಲವೂ 2022ರಲ್ಲಿ ಸೇರಿತು. ಗಿಟ್‌ಹಬ್ ಬಳಕೆದಾರರ ಬಹಿರಂಗ ಎಸ್‌ಎಸ್‌ಎಚ್ ಕೀಗಳನ್ನು ಯಾರು ಬೇಕಾದರೂ ನೋಡಬಹುದು. ಖಾತೆಯ ವಿಳಾಸದ ಕೊನೆಗೆ ಚುಕ್ಕಿ ಇಟ್ಟು ‘ಕೀಸ್’ ಎಂದು ಟೈಪ್ ಮಾಡಿದರೆ ಪಟ್ಟಿಯೇ ತೆರೆದುಕೊಳ್ಳುತ್ತದೆ.

ಇಷ್ಟಾದರೂ ಈ ಸಹಿ ಹೇಳುವುದು ಸಣ್ಣ ಮಾತು. ಅಂದು ಆ ಕೆಲಸ ಮಾಡಿದ ಕೈಯೂ ಇಂದು ಈ ಸಹಿ ಹಾಕಿದ ಕೈಯೂ ಒಂದೇ ಕೀ ಹಿಡಿದಿದ್ದವು, ಅಷ್ಟೇ. ಆ ಕೈ ಯಾರದು, ಅದರ ಮನಸ್ಸಿನಲ್ಲಿ ಏನಿದೆ ಎಂಬುದಕ್ಕೆ ಕೀ ಜವಾಬ್ದಾರಿಯಲ್ಲ.

ಎರಡು ವರ್ಷ ನಡೆದ ನಾಟಕ

ಕೀಗೂ ಅದನ್ನು ಹಿಡಿದ ಮನುಷ್ಯನಿಗೂ ನಡುವೆ ಎಷ್ಟು ದೊಡ್ಡ ಕಂದಕವಿದೆ ಎಂಬುದು 2024ರ ಮಾರ್ಚ್ 29ರಂದು ಬಯಲಾಯಿತು. ಮೈಕ್ರೋಸಾಫ್ಟಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್‌ ಅವರಿಗೆ ತಮ್ಮ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದು ಕಂಡಿತು. ಕೆದಕುತ್ತ ಹೋದರೆ ಸಿಕ್ಕಿದ್ದು ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶದೊಳಗೆ ಅವಿತಿಟ್ಟ ಕಳ್ಳಬಾಗಿಲು. ಲಿನಕ್ಸ್ ಓಡುವ ಕಡೆಯಲ್ಲೆಲ್ಲ ಇರುವ ತಂತ್ರಾಂಶ ಅದು. ಇನ್ನು ಕೆಲವು ವಾರ ಯಾರಿಗೂ ಗೊತ್ತಾಗದೆ ಹೋಗಿದ್ದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರುಗಳ ಕೀಲಿ ಒಬ್ಬರ ಕೈಗೆ ಹೋಗುತ್ತಿತ್ತು. ಅಪಾಯದ ಅಳತೆಯಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಅಂಕ ಬಿತ್ತು.

ಅದನ್ನು ಸೇರಿಸಿದವನ ಹೆಸರು ಜಿಯಾ ತಾನ್. ಅವನು ಕದ್ದು ನುಗ್ಗಿದವನಲ್ಲ, ಅದರ ಅಧಿಕೃತ ನಿರ್ವಾಹಕರಲ್ಲೊಬ್ಬ. 2021ರಲ್ಲಿ ಗಿಟ್‌ಹಬ್ ಖಾತೆ ತೆರೆದು, ಆ ವರ್ಷದ ಕೊನೆಯಿಂದ ಎಕ್ಸ್‌ಝಡ್‌ಗೆ ಸಣ್ಣಪುಟ್ಟ ತಿದ್ದುಪಡಿ ಕಳಿಸತೊಡಗಿದ. ಕೆಲಸ ಚೊಕ್ಕ, ಮಾತು ವಿನಯ. ಮೂಲ ನಿರ್ವಾಹಕ, ಫಿನ್ಲೆಂಡಿನ ಲಾಸೆ ಕಾಲಿನ್ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ಇದನ್ನು ನಡೆಸಿಕೊಂಡು ಬಂದವರು, ಆರೋಗ್ಯದ ತೊಂದರೆಯಲ್ಲೂ ಇದ್ದರು. 2022ರಲ್ಲಿ ‘ಜಿಗರ್ ಕುಮಾರ್’, ‘ಡೆನ್ನಿಸ್ ಎನ್ಸ್’ ಎಂಬ ಹೆಸರುಗಳಿಂದ ಮೇಲ್‌ಗಳು ಬಂದವು. ಕೆಲಸ ತೆವಳುತ್ತಿದೆ, ಹೊಸಬರಿಗೆ ಬಿಟ್ಟುಕೊಡಬಾರದೇ ಎಂಬ ಒತ್ತಡ. ಕೊನೆಗೆ ಜಿಯಾ ತಾನ್‌ಗೆ ಅಧಿಕಾರ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಅವನೇ ಬಿಡುಗಡೆ ಮಾಡಿದ ಆವೃತ್ತಿಯಲ್ಲಿ ವಿಷ ಇತ್ತು.

ವಿಜ್ಞಾನೇಶ್ವರನ ಪಟ್ಟಿ ಹಿಡಿದು ನೋಡಿದರೆ ಈ ಮನುಷ್ಯ ಎಲ್ಲಿ ಪಾಸಾದ, ಎಲ್ಲಿ ಸಿಕ್ಕಿಬಿದ್ದ ಎಂಬುದು ನಿಚ್ಚಳವಾಗುತ್ತದೆ. ಸ್ವಂತ ಕೈಬರಹದ ಪರೀಕ್ಷೆಯಲ್ಲಿ ಪೂರ್ತಿ ಪಾಸು: ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೇ ಖಾತೆ, ಒಂದೇ ಧಾಟಿ. ಹಿಂದಿನ ಕೊಡುಕೊಳ್ಳುವಿಕೆಯಲ್ಲೂ ಪಾಸು. ಸಾಕ್ಷಿಗಳ ವಿಷಯಕ್ಕೆ ಬಂದರೆ ಕತೆ ಬೇರೆ. ಜಿಗರ್ ಕುಮಾರನಾಗಲಿ ಡೆನ್ನಿಸ್ ಎನ್ಸ್ ಆಗಲಿ ಆ ಕೆಲವು ಮೇಲ್‌ಗಳ ಆಚೆ ಬೇರೆಲ್ಲೂ ಏನೂ ಮಾಡಿದ ಗುರುತಿಲ್ಲ. ಅವರ ಬೆನ್ನ ಹಿಂದೆ ಒಂದು ಕಮಿಟ್ ಇಲ್ಲ, ಹಳೆಯ ಜಗಳವಿಲ್ಲ, ಪರಿಚಯದವರಿಲ್ಲ. ದೇಶಕಾಲದ ಪರೀಕ್ಷೆಯಲ್ಲಂತೂ ಜಿಯಾ ತಾನ್ ನೇರವಾಗಿ ಜಾರಿದ. ಅವನ ಕಮಿಟ್‌ಗಳ ಮೇಲೆ ಚೀನಾದ ‘+0800’ ಇರುತ್ತಿತ್ತು, ಆದರೆ ನಡುವೆ ಬೆರಳೆಣಿಕೆಯಷ್ಟರಲ್ಲಿ ಚಳಿಗಾಲದಲ್ಲಿ ‘+0200’, ಬೇಸಿಗೆಯಲ್ಲಿ ‘+0300’ ಎಂದಿದೆ. ಪೂರ್ವ ಯುರೋಪಿನ ಗಡಿಯಾರ ಹೀಗೆಯೇ ಋತುವಿಗೆ ತಕ್ಕಂತೆ ಬದಲಾಗುವುದು. ಚೀನೀ ಹೊಸ ವರ್ಷದಂದು ಕೆಲಸ ಮಾಡಿದ್ದಾನೆ, ಕ್ರಿಸ್‌ಮಸ್ ದಿನ ಮಾಡಿಲ್ಲ. ತಿಥಿ ಒಂದು, ವಾರ ಒಂದು ಎಂದು ಫ್ಲೀಟ್ ತಾಮ್ರಪಟ ಪಕ್ಕಕ್ಕಿಡುತ್ತಿದ್ದದ್ದು ಇಂಥದ್ದನ್ನು ಕಂಡೇ.

ಇವೆಲ್ಲ ಗೊತ್ತಾದದ್ದು ಕಳ್ಳಬಾಗಿಲು ಸಿಕ್ಕಿದ ಮೇಲೆ. ಅದಕ್ಕೆ ಮೊದಲು ಯಾರೂ ಕಮಿಟ್‌ಗಳ ಗಡಿಯಾರ ನೋಡಿರಲಿಲ್ಲ. ನೋಡಲು ಕಾರಣವೂ ಇರಲಿಲ್ಲ.

ಹಸಿರು ಚೌಕಗಳ ವ್ಯಾಪಾರ

ಜಿಯಾ ತಾನ್‌ನಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹೆಚ್ಚಿನವರು ಅಡ್ಡದಾರಿ ಹಿಡಿಯುತ್ತಾರೆ. ಗಿಟ್‌ಹಬ್ ಪ್ರತಿ ಖಾತೆಯಲ್ಲೂ ವರ್ಷದ ಒಂದೊಂದು ದಿನಕ್ಕೆ ಒಂದೊಂದು ಚೌಕ ತೋರಿಸುತ್ತದೆ. ಕೆಲಸ ಮಾಡಿದ ದಿನ ಹಸಿರು, ಹೆಚ್ಚು ಮಾಡಿದ ದಿನ ಕಡುಹಸಿರು. ಕಂಪನಿಗಳು ಇದನ್ನು ನೋಡುತ್ತವೆ ಎಂಬ ಮಾತು ಹರಡಿದ ಮೇಲೆ ಹಳೆಯ ದಿನಾಂಕ ಹಾಕಿ ಖಾಲಿ ಕಮಿಟ್ ಮಾಡುವ, ಚೌಕಗಳಲ್ಲಿ ಬೇಕಾದ ಚಿತ್ತಾರವನ್ನೇ ಬಿಡಿಸಿಕೊಡುವ ಸಲಕರಣೆಗಳು ಹುಟ್ಟಿಕೊಂಡವು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜನಪ್ರಿಯ ಮುಕ್ತ ತಂತ್ರಾಂಶದ ನಿರ್ವಾಹಕರಿಗೆ ರಾಶಿ ರಾಶಿ ಪುಲ್ ರಿಕ್ವೆಸ್ಟ್‌ಗಳು, ಅಂದರೆ ತನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು, ಬಂದು ಬಿದ್ದವು. ಬಹುತೇಕ ಎಲ್ಲವೂ ಪರಿಚಯ ಪುಟದಲ್ಲಿ ಕಳಿಸಿದವರ ಹೆಸರು ಸೇರಿಸುವಂಥವು. ಭಾರತದ ಒಂದು ಪಾಠದ ವಿಡಿಯೊದಲ್ಲಿ ಪುಲ್ ರಿಕ್ವೆಸ್ಟ್ ಕಳಿಸುವುದು ಹೇಗೆಂದು ಆ ತಂತ್ರಾಂಶವನ್ನೇ ಉದಾಹರಣೆಯಾಗಿ ತೋರಿಸಿದ್ದರು. ನೋಡಿದ ವಿದ್ಯಾರ್ಥಿಗಳು ಹಾಗೆಯೇ ಮಾಡಿದ್ದರು. ಮೋಸದ ಉದ್ದೇಶ ಅವರಿಗೆ ಇರಲಿಲ್ಲ. ಆದರೆ ಚೌಕ ಹಸಿರಾಗುವುದಕ್ಕೂ ಕೆಲಸ ಆಗುವುದಕ್ಕೂ ಸಂಬಂಧವಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು.

ಹಾಗಾದರೆ ಸರ್ಕಾರದ ಗುರುತಿನ ಚೀಟಿ ಕೇಳಿದರೆ ಸಾಲದೇ? 2024ರ ಜುಲೈನಲ್ಲಿ, ಸೈಬರ್ ಸುರಕ್ಷತೆಯ ತರಬೇತಿಯನ್ನೇ ಕಸುಬಾಗಿಸಿಕೊಂಡ ಅಮೆರಿಕದ ನೋಬಿಫೋರ್ ಕಂಪನಿ ತನಗಾದ ಮೋಸವನ್ನು ತಾನೇ ಬಹಿರಂಗಪಡಿಸಿತು. ವಿಡಿಯೊ ಸಂದರ್ಶನಗಳು, ಹಿನ್ನೆಲೆ ತಪಾಸಣೆ ಎಲ್ಲ ಮುಗಿಸಿ ನೇಮಿಸಿಕೊಂಡ ಎಂಜಿನಿಯರ್ ಉತ್ತರ ಕೊರಿಯಾದವನು. ಹೆಸರು ಮತ್ತು ದಾಖಲೆ ನಿಜವಾದ ಅಮೆರಿಕನ್ ಒಬ್ಬನಿಂದ ಕದ್ದವು, ಫೋಟೊ ಕೃತಕ ಬುದ್ಧಿಮತ್ತೆಯಿಂದ ತಿದ್ದಿದ್ದು. ಕಳಿಸಿಕೊಟ್ಟ ಲ್ಯಾಪ್‌ಟಾಪ್ ಕೈಸೇರಿದ ಕೂಡಲೇ ಅದರಲ್ಲಿ ಕಳ್ಳ ತಂತ್ರಾಂಶ ತುಂಬಲು ಹೊರಟಾಗ ಸಿಕ್ಕಿಬಿದ್ದ. ದಾಖಲೆಗಳು ಅಸಲಿಯೇ ಆಗಿದ್ದವು, ಅವನ್ನು ಹಿಡಿದು ಬಂದವನು ಮಾತ್ರ ಬೇರೆ.

ಹೆಸರು, ಕೆಲಸ ಎಲ್ಲ ಅಸಲಿಯಾಗಿದ್ದೂ ಖಾತೆ ಕೈತಪ್ಪಿ ಹೋಗಬಹುದು. 2025ರ ಸೆಪ್ಟೆಂಬರ್ 8ರಂದು ಎನ್‌ಪಿಎಂ ಎಂಬ ಮುಕ್ತ ತಂತ್ರಾಂಶಗಳ ಭಂಡಾರದಲ್ಲಿ ವರ್ಷಗಳಿಂದ ದುಡಿದ ನಿರ್ವಾಹಕರೊಬ್ಬರಿಗೆ ‘ನಿಮ್ಮ ಲಾಗಿನ್ ಭದ್ರತೆ ನವೀಕರಿಸಿ’ ಎಂಬ ಸುಳ್ಳು ಮೇಲ್ ಬಂತು, ನಂಬಿದರು. ಅವರ ಖಾತೆಯಿಂದಲೇ ಹದಿನೆಂಟು ಪ್ಯಾಕೇಜುಗಳಲ್ಲಿ ಕ್ರಿಪ್ಟೊ ಹಣ ಕದಿಯುವ ಕೋಡ್ ಹೊರಬಿತ್ತು. ಎಲ್ಲ ಸೇರಿ ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗುವ ಪ್ಯಾಕೇಜುಗಳವು. ಜನರ ಕಣ್ಣಿಗೆ ಬೇಗ ಬಿದ್ದದ್ದರಿಂದ ದೊಡ್ಡ ಅನಾಹುತ ತಪ್ಪಿತು.

ಸತೋಶಿ ನಾನೇ ಎಂದವನು

ಈ ಎಲ್ಲ ಪರೀಕ್ಷೆಗಳೂ ಒಟ್ಟಿಗೆ ಕೋರ್ಟ್ ಕಟ್ಟೆ ಹತ್ತಿದ್ದು ಲಂಡನ್ನಿನಲ್ಲಿ. 2009ರಲ್ಲಿ ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಕಾಮೊಟೊ ಯಾರೆಂದು ಇಂದಿಗೂ ಯಾರಿಗೂ ತಿಳಿಯದು. ಆ ಹೆಸರಿನ ಹಿಂದೆ ಇರುವುದು ಕೋಡ್, ಮೇಲ್‌ಗಳು ಮತ್ತು ಮೊದಲ ದಿನಗಳ ನಾಣ್ಯಗಳ ಕೀಗಳು. ಆಸ್ಟ್ರೇಲಿಯಾದ ಕ್ರೇಗ್ ರೈಟ್ 2016ರಲ್ಲಿ ತಾನೇ ಸತೋಶಿ ಎಂದ. ಹಳೆಯ ಕೀಯಿಂದ ಒಂದು ಹೊಸ ಸಹಿ ಹಾಕಿ ತೋರಿಸಿದ್ದರೆ ಆ ಮಾತು ಅಂದೇ ಮುಗಿಯುತ್ತಿತ್ತು. ಎಲ್ಲರೂ ಪರಿಶೀಲಿಸಬಹುದಾದ ಅಂಥ ಸಹಿ ಬರಲೇ ಇಲ್ಲ. ಬದಲಿಗೆ, ವಿವಾದ ಕೋರ್ಟಿಗೆ ಹೋದಾಗ ಅಲ್ಲಿಗೆ ರಾಶಿ ದಾಖಲೆಗಳು ಬಂದವು.

ಬಿಟ್‌ಕಾಯಿನ್ ಪ್ರಬಂಧ ಬರೆಯಲು ತಾನು ಬಳಸಿದ ಮೂಲ ಕಡತಗಳಿವು ಎಂದು ರೈಟ್ ಕೆಲವನ್ನು ಒಪ್ಪಿಸಿದ. ಓವರ್‌ಲೀಫ್ ಎಂಬ ಜಾಲತಾಣದಲ್ಲಿದ್ದ ಆ ಕಡತಗಳ ತಿದ್ದುಪಡಿಯ ದಿನಚರಿಯನ್ನು ಎದುರುಪಕ್ಷದವರು ತರಿಸಿ ನೋಡಿದರೆ, 2023ರ ನವೆಂಬರಿನಲ್ಲಿ, ಮೊಕದ್ದಮೆ ನಡೆಯುತ್ತಿರುವಾಗಲೇ, ಅಕ್ಷರಗಳ ನಡುವಿನ ಜಾಗವನ್ನು ಚೂರುಚೂರೇ ಹೊಂದಿಸಿ ಮೂಲ ಪ್ರಬಂಧದಂತೆ ಕಾಣಿಸಲು ಹೆಣಗಿದ್ದು ಒಂದೊಂದು ಹೆಜ್ಜೆಯಾಗಿ ದಾಖಲಾಗಿತ್ತು. ಮೂಲ ಪ್ರಬಂಧ ಸಿದ್ಧವಾಗಿದ್ದು ಓಪನ್ ಆಫೀಸ್ ಎಂಬ ಬೇರೆಯದೇ ತಂತ್ರಾಂಶದಲ್ಲಿ. 2024ರ ಮಾರ್ಚ್ 14ರಂದು ನ್ಯಾಯಮೂರ್ತಿ ಮೆಲ್ಲರ್, ರೈಟ್ ಸತೋಶಿ ಅಲ್ಲ ಎಂದು ಘೋಷಿಸಿದರು. ಆಮೇಲೆ ಬಂದ ವಿವರವಾದ ತೀರ್ಪಿನಲ್ಲಿ ದಾಖಲೆಗಳ ಸೃಷ್ಟಿಯನ್ನು ಒಂದೊಂದಾಗಿ ಎತ್ತಿ ತೋರಿಸಿದರು.

ಸತೋಶಿ ಎಂಬುದು ಇಟ್ಟುಕೊಂಡ ಹೆಸರಾದರೂ ಆ ಹೆಸರಿನ ಗುರುತು ಗಟ್ಟಿ. ಲಿನಕ್ಸ್‌ನವರು ಕೂಡ ಇತ್ತೀಚೆಗೆ ಇದನ್ನು ಒಪ್ಪಿಕೊಂಡರು. ಒಪ್ಪಿಗೆಯ ಸಾಲಿನಲ್ಲಿ ನಿಜವಾದ ಹೆಸರೇ ಇರಬೇಕು, ಕಾವ್ಯನಾಮ ನಡೆಯದು ಎಂದಿದ್ದ ನಿಯಮವನ್ನು 2023ರಲ್ಲಿ ಸಡಿಲಿಸಿದರು. ಈಗ ಬೇಕಾದದ್ದು ನಾಲ್ಕು ಜನ ಬಲ್ಲ ಗುರುತು. ಅನಾಮಧೇಯರಿಗೆ ಮಾತ್ರ ಜಾಗವಿಲ್ಲ.

ಪಾಸ್‌ಪೋರ್ಟ್ ಇಲ್ಲದಿದ್ದರೆ

ಕನ್ನಡದ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಭಂಡಾರದಲ್ಲಿ ಪ್ಯಾಕೇಜುಗಳಾಗಿ ಸಿಗುತ್ತವೆ. 1993ರಲ್ಲಿ ಆರಂಭವಾದ ಡೆಬಿಯನ್‌ನ ಹಿಂದೆ ಕಂಪನಿಯಿಲ್ಲ, ಜಗತ್ತಿನಾದ್ಯಂತ ಹರಡಿರುವ ಸ್ವಯಂಸೇವಕರಿದ್ದಾರೆ. ಭಂಡಾರಕ್ಕೆ ಪ್ಯಾಕೇಜ್ ಏರಿಸುವ ಅಧಿಕಾರ ಬೇಕಾದರೆ ಅವರದೊಂದು ಹಳೆಯ ಕಟ್ಟಳೆಯಿದೆ: ಈಗಾಗಲೇ ಡೆಬಿಯನ್ ಡೆವಲಪರ್ ಆದವರನ್ನು ಮುಖತಃ ಭೇಟಿಯಾಗಿ, ಪಾಸ್‌ಪೋರ್ಟೋ ಬೇರೆ ಗುರುತಿನ ಚೀಟಿಯೋ ತೋರಿಸಿ, ತನ್ನ ಕೀಗೆ ಅವರಿಂದ ಸಹಿ ಹಾಕಿಸಿಕೊಳ್ಳಬೇಕು. ಇದಕ್ಕಾಗಿಯೇ ಸಮ್ಮೇಳನಗಳಲ್ಲಿ ಜನ ಕೀ ಹಿಡಿದು ಸಾಲು ನಿಲ್ಲುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ ಸಮ್ಮೇಳನ ಕೊಚ್ಚಿಯಲ್ಲೇ ನಡೆಯಿತು.

ಕೋವಿಡ್ ಬಂದು ಭೇಟಿಗಳು ನಿಂತಾಗ ಡೆಬಿಯನ್ ಇನ್ನೊಂದು ದಾರಿ ತೆರೆಯಿತು. ಮುಖ ನೋಡಲಾಗದಿದ್ದರೂ ಪರವಾಗಿಲ್ಲ. ಆ ಕೀಯಿಂದ ಸಹಿಯಾದ ಕೆಲಸವನ್ನು ಕಂಡಿರುವ ಡೆವಲಪರ್‌ಗಳು, ಈ ಕೀಯವರ ಜತೆ ನಾವು ಇಂತಿಂಥ ಕೆಲಸ ಮಾಡಿದ್ದೇವೆ ಎಂದು ಅನುಮೋದನೆ ಬರೆದುಕೊಟ್ಟರೆ ಅದನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ‘ಮಿತಾಕ್ಷರ’ದ ಸಂಬಂಧ ಪರೀಕ್ಷೆ, ಹಿಂದಿನ ಕೊಡುಕೊಳ್ಳುವಿಕೆಯ ಸಾಕ್ಷ್ಯ, ಇಲ್ಲಿ ಪಾಸ್‌ಪೋರ್ಟಿನ ಪಕ್ಕದಲ್ಲಿ ಬಂದು ಕೂತಿದೆ.

ಬೇಕೆಂದಿದ್ದರೆ ಜಿಯಾ ತಾನ್ ಇಂಥ ಅನುಮೋದನೆಯನ್ನು ಸಲೀಸಾಗಿ ಪಡೆಯುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ಅದಕ್ಕೇ ಮನುಷ್ಯನ ಪರೀಕ್ಷೆಯ ಜತೆಗೆ ಮಾಲಿನ ಪರೀಕ್ಷೆಯೂ ಬೇಕಾಗುತ್ತದೆ. ಬಹಿರಂಗವಾಗಿ ಕಾಣುವ ಕೋಡಿನಿಂದ ಯಾರು ಕಟ್ಟಿದರೂ ಒಂದು ಬಿಟ್ ಕೂಡ ವ್ಯತ್ಯಾಸವಾಗದೆ ಅದೇ ಪ್ಯಾಕೇಜ್ ಹೊರಬರಬೇಕು ಎಂಬ ಯತ್ನ ಡೆಬಿಯನ್‌ನಲ್ಲಿ 2013ರಿಂದ ನಡೆದಿದೆ. ಎಕ್ಸ್‌ಝಡ್‌ನಲ್ಲಿ ವಿಷವನ್ನು ಚಾಲೂ ಮಾಡುವ ತುಣುಕು ಗಿಟ್‌ನ ದಿನಚರಿಯಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ರೂಢಿ ಆ ಬಳಿಕ ಹೆಚ್ಚಿದೆ.

ಪ್ರೋಗ್ರಾಮನ್ನೂ ಕಮಿಟ್‌ನ ಟಿಪ್ಪಣಿಯನ್ನೂ ಕೃತಕ ಬುದ್ಧಿಮತ್ತೆ ನಿಮಿಷದಲ್ಲಿ ಬರೆದುಕೊಡುವ ಈ ದಿನಗಳಲ್ಲಿ ಕೈಬರಹದ ಪರೀಕ್ಷೆ ಸಡಿಲವಾಗಿದೆ, ಸಾಕ್ಷಿಗಳ ಬೆಲೆ ಏರಿದೆ. ಹುಮನಾಬಾದಿನಲ್ಲಿ ಕೂತು ಕನ್ನಡ ಫಾಂಟಿನ ಪ್ಯಾಕೇಜೊಂದನ್ನು ನೋಡಿಕೊಳ್ಳಲು ಹೊರಟವರಿಗೆ ಡೆಬಿಯನ್‌ನ ಹೊಸ ದಾರಿಯಿಂದ ಸಮ್ಮೇಳನಕ್ಕೆಂದು ಕೊಚ್ಚಿಯಂಥ ಊರಿಗೆ ಹೋಗುವ ರೈಲು ಖರ್ಚು ಉಳಿಯಬಹುದು. ಅದರ ಬದಲು, ಮುಖ ಕಾಣದೆ ಕೆಲಸ ಮಾತ್ರ ಕಂಡು ತನ್ನ ಪರವಾಗಿ ಬರೆದುಕೊಡುವವರನ್ನು ಸಂಪಾದಿಸಿಕೊಳ್ಳಬೇಕು. ಅವರು ಮೊದಲ ಪುಲ್ ರಿಕ್ವೆಸ್ಟನ್ನು ನಾಲ್ಕು ತಪ್ಪು ತೋರಿಸಿ ವಾಪಸು ಕಳಿಸುವ ಸಂಭವವೇ ಹೆಚ್ಚು.